ಲೋಕದ ಸಂಸ್ಕೃತಿಗಳನ್ನ ಪರಿಚಯ ಮಾಡಿಸೋ ಕಾರ್ಯಕ್ರಮಗಳು: ಯಾವುದಕ್ಕೆ ಕೈ ಜೋಡಿಸೋದು, ಹೇಗೆ ಜೋಡಿಸೋದು?

ತಿಂಗಳಿಗೆ ಒಂದಿಷ್ಟು ದುಡ್ಡು ಎತ್ತಿಡಬಹುದು, ಇಲ್ಲಾಂದ್ರೆ ವಾರಕ್ಕೆ ಎರಡು ಗಂಟೆ ಬಿಡುವು ಮಾಡ್ಕೋಬಹುದು, ಬೇರೆ ದೇಶ ಬೇರೆ ಭಾಷೆ ಬೇರೆ ನಡವಳಿಕೆಯ ಜನರನ್ನ ಅಕ್ಕಪಕ್ಕದವರಿಗೆ ಪರಿಚಯ ಮಾಡಿಸೋ ಕೆಲಸಕ್ಕೆ ಅದನ್ನ ಕೊಡಬೇಕು ಅಂತ ಮನಸ್ಸಿದೆ, ಆದ್ರೆ ಯಾವುದಕ್ಕೆ ಕೊಡೋದು ಅಂತ ಗೊತ್ತಾಗ್ತಿಲ್ಲ. ಹೀಗೆ ಯೋಚನೆ ಮಾಡ್ತಿರೋರಿಗೆ ಅಂತ ಇದನ್ನ ಬರೀತಿದೀನಿ. ಆಯ್ಕೆಗಳೇನೂ ಕಮ್ಮಿ ಇಲ್ಲ, ವರ್ಷಕ್ಕೊಂದು ದಿನದ ಸಂಸ್ಕೃತಿ ಮೇಳ ಇದೆ, ವಾರವಾರ ಸೇರೋ ಭಾಷಾ ಕೂಟ ಇದೆ, ಮನುಷ್ಯರನ್ನೇ ಪುಸ್ತಕದ ಹಾಗೆ ಎರವಲು ಪಡೆದು ಮಾತಾಡಿಸೋ ಹ್ಯೂಮನ್ ಲೈಬ್ರರಿ ಇದೆ, ಮ್ಯೂಸಿಯಂನೋರು ವಸ್ತುಗಳನ್ನ ತುಂಬಿ ಶಾಲೆಗೆ ಕಳಿಸೋ ಪೆಟ್ಟಿಗೆ ಇದೆ, ಬೇರೆ ಬೇರೆ ಭಾಷೆಯ ಮಕ್ಕಳ ಪುಸ್ತಕ ಇದೆ, ಹೊರದೇಶದ ಹುಡುಗ ಹುಡುಗಿಯರನ್ನ ಮನೇಲಿಟ್ಕೊಳ್ಳೋದು ಇದೆ. ಎಲ್ಲವೂ ಒಳ್ಳೇದೇ ಅಂತ ಹೇಳಿ ಕೈ ತೊಳ್ಕೊಳ್ಳೋಕೆ ನನಗಿಷ್ಟ ಇಲ್ಲ, ಯಾಕಂದ್ರೆ ಒಂದಕ್ಕೂ ಇನ್ನೊಂದಕ್ಕೂ ತುಂಬಾನೇ ವ್ಯತ್ಯಾಸ ಇದೆ.

ನಾನು ಯಾವುದನ್ನೇ ನೋಡಿದ್ರೂ ಎರಡು ವಿಷಯ ಗಮನಿಸ್ತೀನಿ. ಒಂದು, ಮೈಕ್ ಯಾರ ಕೈಲಿದೆ, ಅಂದ್ರೆ ಆ ಸಂಸ್ಕೃತಿಯವರೇ ಮಾತಾಡ್ತಿದಾರಾ ಇಲ್ಲಾ ಅವರ ಬಗ್ಗೆ ಬೇರೆ ಯಾರೋ ಮಾತಾಡ್ತಿದಾರಾ. ಎರಡು, ಅದೇ ಜನ ಮತ್ತೆ ಮತ್ತೆ ಒಬ್ಬರಿಗೊಬ್ಬರು ಸಿಗ್ತಾರಾ.

ಇದು ಬರೀ ನನ್ನ ಅನಿಸಿಕೆ ಅಲ್ಲ. 1954ರಲ್ಲಿ ಗಾರ್ಡನ್ ಆಲ್ಪೋರ್ಟ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳಿದ್ದು ಏನಂದ್ರೆ, ಬೇರೆ ಬೇರೆ ಗುಂಪಿನ ಜನರನ್ನ ಸುಮ್ನೆ ಒಂದು ಕಡೆ ತಂದು ನಿಲ್ಲಿಸಿದ ಮಾತ್ರಕ್ಕೆ ಪೂರ್ವಗ್ರಹ ಕರಗಿಬಿಡಲ್ಲ, ಅಲ್ಲಿ ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಇಬ್ಬರಿಗೂ ಬೇಕಾದ ಒಂದು ಗುರಿ ಇರಬೇಕು, ಪೈಪೋಟಿ ಬಿಟ್ಟು ಕೂಡಿ ಕೆಲಸ ಮಾಡೋ ಹಾಗಿರಬೇಕು, ಮತ್ತೆ ಶಾಲೆಯೋ ಸಂಸ್ಥೆಯೋ ಸರ್ಕಾರವೋ ಇದಕ್ಕೆ ಬೆನ್ನಿಗೆ ನಿಂತಿರಬೇಕು. ಆಮೇಲೆ 2006ರಲ್ಲಿ ಥಾಮಸ್ ಪೆಟ್ಟಿಗ್ರೂ ಮತ್ತೆ ಲಿಂಡಾ ಟ್ರಾಪ್ ಅನ್ನೋರು 515 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಜನ ಬೆರೆತಷ್ಟೂ ಪೂರ್ವಗ್ರಹ ಕಮ್ಮಿ ಆಗತ್ತೆ ಅಂತಲೇ ಬಂತು, ಆಲ್ಪೋರ್ಟ್ ಹೇಳಿದ ಆ ನಾಲ್ಕು ಇಲ್ಲದಿದ್ರೂ ಒಂದಷ್ಟು ಕಮ್ಮಿ ಆಗತ್ತೆ, ಇದ್ರಂತೂ ಇನ್ನೂ ಜಾಸ್ತಿ. ಹಾಗಾಗಿ ದುಡ್ಡು ಕೊಡೋಕೆ ಮುಂಚೆ ಆ ಕಾರ್ಯಕ್ರಮದಲ್ಲಿ ಈ ನಾಲ್ಕರಲ್ಲಿ ಎಷ್ಟಿದೆ ಅಂತ ಮನಸಲ್ಲೇ ಲೆಕ್ಕ ಹಾಕಿ ನೋಡಿ.

ಒಂದು ದಿನದ ಮೇಳವೋ, ವಾರವಾರದ ಕೂಟವೋ

ಜಾಸ್ತಿ ದುಡ್ಡು ಹರಿಯೋದು ಮೇಳಕ್ಕೇ. ಬಣ್ಣ ಇರತ್ತೆ, ಕುಣಿತ ಇರತ್ತೆ, ಫೋಟೋ ಚೆನ್ನಾಗಿ ಬರತ್ತೆ, ದಾನಿಗಳ ಹೆಸರು ಬ್ಯಾನರ್ ಮೇಲೆ ಕಾಣತ್ತೆ. ಮೇಳಕ್ಕೆ ಅದರದ್ದೇ ಆದ ಶಕ್ತಿ ಇದೆ ಅನ್ನೋದನ್ನ ನಾನು ಒಪ್ತೀನಿ, ಈ ಕಡೆ ತಲೆ ಹಾಕಿ ಕೂಡ ಮಲಗದೇ ಇರೋ ಜನ ಸಂಗೀತ ಕೇಳ್ಕೊಂಡು ಒಳಗೆ ಬರ್ತಾರೆ, ಮಕ್ಕಳನ್ನ ಕರ್ಕೊಂಡು ಬರ್ತಾರೆ. ಅವರನ್ನ ಕೂಟಕ್ಕೆ ಕರೆದ್ರೆ ಖಂಡಿತ ಬರ್ತಿರಲಿಲ್ಲ. ಆದ್ರೆ ಸಂಜೆ ಶಾಮಿಯಾನ ಬಿಚ್ಚಿದ ಮೇಲೆ ಏನು ಉಳೀತು ಅಂತ ಕೇಳಿದ್ರೆ ಎಷ್ಟೋ ಕಡೆ ಉತ್ತರ ಇರಲ್ಲ.

ಮೇಳದಲ್ಲೂ ಎರಡು ತರ ಇದೆ. ವಾಷಿಂಗ್ಟನ್‌ನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯವರು 1967ರಿಂದ ನಡೆಸ್ಕೊಂಡು ಬಂದಿರೋ ಜಾನಪದ ಮೇಳದಲ್ಲಿ ಬುಟ್ಟಿ ಹೆಣೆಯೋರು, ವಾದ್ಯ ಮಾಡೋರು, ಹಾಡೋರು ತಾವೇ ಕೂತು ಕೆಲಸ ಮಾಡ್ತಾ ಮಾಡ್ತಾ ಬಂದವರ ಜೊತೆ ಮಾತಾಡ್ತಾರೆ, ಯಾಕೆ ಹೀಗೆ ಮಾಡ್ತೀರಿ ಅಂತ ನೀವು ನೇರವಾಗಿ ಅವರನ್ನೇ ಕೇಳಬಹುದು. ಇನ್ನೊಂದು ತುದಿಗೆ 1958ರ ಬ್ರಸೆಲ್ಸ್ ವಿಶ್ವ ಮೇಳ ಇದೆ, ಅಲ್ಲಿ ಬೇಲಿಯೊಳಗೆ ಒಂದು ಕಾಂಗೋ ಹಳ್ಳಿ ಅಂತ ಕಟ್ಟಿ ಕಾಂಗೋದ ಜನರನ್ನ ಕೂರಿಸಿ ಪ್ರದರ್ಶನಕ್ಕಿಟ್ಟಿದ್ರು, ನೋಡೋಕೆ ಬಂದೋರು ಮಾಡ್ತಿದ್ದ ಅವಮಾನ ತಡೀಲಾರದೆ ಆ ಕಾಂಗೋದವರು ಮೇಳ ಮುಗಿಯೋಕೆ ಮುಂಚೆನೇ ವಾಪಸ್ ಹೊರಟುಹೋದ್ರು. ಇವತ್ತಿನ ಮೇಳಗಳಲ್ಲಿ ಬೇಲಿ ಇರಲ್ಲ ಸರಿ, ಆದ್ರೆ ವೇಷ ಹಾಕ್ಕೊಂಡೋರು ಸ್ಟೇಜ್ ಮೇಲೆ ಐದು ನಿಮಿಷ ಕುಣಿದು ಇಳಿದುಹೋಗಿ, ಅವರ ಬಗ್ಗೆ ನಿರೂಪಕರು ಒಂದು ಚೀಟಿ ಓದೋದು ಇದ್ಯಲ್ಲ, ಅದನ್ನ ನೋಡಿದಾಗೆಲ್ಲ ನನಗೆ ಕಸಿವಿಸಿ ಆಗತ್ತೆ. ಮೇಳಕ್ಕೆ ದುಡ್ಡು ಕೊಡೋದಾದ್ರೆ ಸ್ಟೇಜು ಲೈಟಿಗೆ ಅಂತ ಕೊಡಬೇಡಿ, ಕಲಾವಿದರ ಸಂಭಾವನೆಗೆ ಮತ್ತೆ ದುಭಾಷಿಗಳಿಗೆ ಅಂತ ಹೇಳಿ ಕೊಡಿ. ಸೌಂಡ್ ಸಿಸ್ಟಂನೋರಿಗೆ ಪೂರ್ತಿ ಬಾಡಿಗೆ ಕೊಟ್ಟು, ಹಾಡೋರಿಗೆ ಮಾತ್ರ ನಿಮಗೊಂದು ವೇದಿಕೆ ಸಿಕ್ತಲ್ಲ ಅಂತ ಹೇಳಿ ಕಳಿಸೋದು ತುಂಬಾ ಕಡೆ ನಡೀತಿದೆ.

ವಾರವಾರದ ಕೂಟ ನೋಡೋಕೆ ಏನೂ ಇಲ್ಲ. ಒಂದು ರೂಮು, ಹತ್ತು ಹನ್ನೆರಡು ಕುರ್ಚಿ, ಬೇರೆ ಬೇರೆ ಕಡೆಯಿಂದ ಬಂದು ನೆಲೆಸಿರೋರು ಮತ್ತೆ ಅಲ್ಲೇ ಹುಟ್ಟಿ ಬೆಳೆದೋರು, ಒಬ್ಬರ ಭಾಷೆ ಇನ್ನೊಬ್ಬರು ಕಲೀತಾ ಮಾತಾಡ್ಕೊಂಡು ಕೂರೋದು. ನಾನು ಮೂರು ವರ್ಷ ಇಂಥ ಒಂದು ಕೂಟದಲ್ಲಿ ಹಾಜರಿ ಬರೆಯೋ ಕೆಲಸ ಮಾಡ್ದೆ, ಅಲ್ಲಿ ನಡೆದ ಒಂದು ವಿಷಯ ಹೇಳ್ಬೇಕು. ಹಾಜರಿ ಶೀಟಲ್ಲಿ ಎರಡು ಕಾಲಂ ಇತ್ತು, ಹೆಸರು ಅಂತ ಒಂದು, ಮನೆತನದ ಹೆಸರು ಅಂತ ಇನ್ನೊಂದು. ಇಥಿಯೋಪಿಯಾದಿಂದ ಬಂದ ಒಬ್ಬರು ಹೆಂಗಸು ಪ್ರತಿ ವಾರ ಮೊದಲನೇದು ತುಂಬಿ ಎರಡನೇದನ್ನ ಖಾಲಿ ಬಿಡ್ತಿದ್ರು. ನಡೆಸೋರಲ್ಲಿ ಯಾರೋ ಅವರ ಗುರುತಿನ ಚೀಟಿ ನೋಡಿ ಎರಡನೇ ಹೆಸರು ಬರ್ಕೊಂಡು, ಅದರ ಹಿಂದೆ ಶ್ರೀಮತಿ ಅಂತ ಸೇರಿಸಿ ಪತ್ರ ಕಳಿಸಿಬಿಟ್ರು. ಅದು ಅವರ ಅಪ್ಪನ ಹೆಸರು. ಅಲ್ಲಿನವರಿಗೆ ಮನೆತನದ ಹೆಸರು ಅಂತ ಇರಲ್ಲ, ತನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಮದುವೆ ಆದ್ರೂ ಅದು ಬದಲಾಗಲ್ಲ.

ಮುಂದಿನ ವಾರ ಅವರು ಆ ಪತ್ರ ತಂದು ಮೇಜಿನ ಮೇಲಿಟ್ರು, ಸಿಟ್ಟಲ್ಲಿ ಅಲ್ಲ, ಇದು ಯಾರಿಗೆ ಬಂದಿದ್ದು ಅಂತ ನಿಜವಾಗ್ಲೂ ಕೇಳಿದ್ರು. ಅವತ್ತು ಎರಡು ಗಂಟೆ ಹೆಸರಿನ ಬಗ್ಗೆನೇ ಮಾತು. ಐಸ್‌ಲ್ಯಾಂಡ್‌ನಲ್ಲೂ ಅಪ್ಪನ ಅಥವಾ ಅಮ್ಮನ ಹೆಸರಿಗೆ ಮಗ, ಮಗಳು ಅಂತ ಸೇರಿಸ್ಕೊಳ್ತಾರೆ, ಅದಕ್ಕೇ ಅಲ್ಲಿ ಫೋನ್ ಡೈರೆಕ್ಟರಿಯಲ್ಲಿ ಜನರನ್ನ ಸ್ವಂತ ಹೆಸರಿನ ಪ್ರಕಾರ ಹುಡುಕಬೇಕು ಅಂತ ಒಬ್ಬರು, ಹಂಗರಿಯಲ್ಲಿ ಮನೆತನದ ಹೆಸರೇ ಮುಂದೆ ಬರೋದು ಅಂತ ಇನ್ನೊಬ್ಬರು, ನನ್ನದು ಒಂದೇ ಹೆಸರು, ಫಾರ್ಮ್ ತುಂಬೋವಾಗೆಲ್ಲ ಅದನ್ನೇ ಎರಡು ಸಲ ಬರೀಬೇಕು ಅಂತ ಇಂಡೋನೇಷ್ಯಾದ ಹುಡುಗ, ಸ್ಪೇನ್‌ನೋರು ನಮ್ಮದು ಎರಡು ಮನೆತನದ ಹೆಸರು, ಒಂದು ಅಪ್ಪನ ಕಡೇದು ಒಂದು ಅಮ್ಮನ ಕಡೇದು ಅಂತ. ಅದಾದ ಮೇಲೆ ಹಾಜರಿ ಶೀಟಲ್ಲಿ ಒಂದೇ ಕಾಲಂ ಆಯ್ತು: ನಿಮ್ಮನ್ನ ಏನಂತ ಕರೀಬೇಕು?

ಇಂಥದ್ದು ಮೇಳದಲ್ಲಿ ನಡೆಯಲ್ಲ. ಆ ಹೆಂಗಸು ನಾಲ್ಕೈದು ವಾರ ಬಂದು, ಇಲ್ಲಿ ಕೇಳಬಹುದು ಅನ್ನೋ ಧೈರ್ಯ ಬಂದ ಮೇಲೇ ಆ ಪತ್ರ ತಂದಿದ್ದು. ಅದಕ್ಕೇ ನನ್ನ ಮಟ್ಟಿಗೆ ದುಡ್ಡಾಗ್ಲಿ ಟೈಮಾಗ್ಲಿ ಮೊದಲು ಹೋಗಬೇಕಾದ್ದು ಕೂಟಕ್ಕೆ. ಖರ್ಚೂ ಕಮ್ಮಿ, ರೂಮ್ ಬಾಡಿಗೆ, ಸ್ವಲ್ಪ ಪ್ರಿಂಟಿಂಗು, ದೂರದಿಂದ ಬರೋರಿಗೆ ಬಸ್ ಚಾರ್ಜು, ಚಿಕ್ಕ ಮಕ್ಕಳಿರೋ ತಾಯಂದಿರು ಬರೋ ಹಾಗಾಗೋಕೆ ಪಕ್ಕದ ರೂಮಲ್ಲಿ ಮಕ್ಕಳನ್ನ ನೋಡ್ಕೊಳ್ಳೋಕೆ ಒಬ್ಬರು. ಕೊನೇದು ಇಲ್ಲದಿದ್ರೆ ಕೂಟಕ್ಕೆ ಗಂಡಸರು ಮಾತ್ರ ಬರ್ತಾರೆ, ಇದನ್ನ ಕಣ್ಣಾರೆ ನೋಡಿದೀನಿ.

ಹ್ಯೂಮನ್ ಲೈಬ್ರರಿಯೋ, ಭಾಷಣವೋ

ಹ್ಯೂಮನ್ ಲೈಬ್ರರಿ ಶುರುವಾಗಿದ್ದು 2000ದಲ್ಲಿ, ಡೆನ್ಮಾರ್ಕಿನ ರೋಸ್ಕಿಲ್ಡ ಸಂಗೀತೋತ್ಸವದಲ್ಲಿ, ರೋನಿ ಆಬರ್ಗೆಲ್ ಮತ್ತೆ ಅವರ ಗೆಳೆಯರು ಕೂಡಿ ಮಾಡಿದ್ದು. ಇಲ್ಲಿ ಮನುಷ್ಯರೇ ಪುಸ್ತಕ. ನಿರಾಶ್ರಿತರು, ಬೇರೆ ಧರ್ಮದೋರು, ಹೀಗೆ ಜನ ಸುಲಭವಾಗಿ ತಪ್ಪು ತಿಳ್ಕೊಳ್ಳೋ ಯಾರಾದ್ರೂ ಪುಸ್ತಕವಾಗಿ ಕೂತಿರ್ತಾರೆ, ನೀವು ಅವರನ್ನ ಸುಮಾರು ಅರ್ಧ ಗಂಟೆ ಎರವಲು ಪಡೆದು ಎದುರು ಕೂತು ಬೇರೆ ಕಡೆ ಕೇಳೋಕಾಗದ ಪ್ರಶ್ನೆ ಕೇಳಬಹುದು. ಮುನ್ನೂರು ಜನ ಕೂತು ಕೇಳೋ ಭಾಷಣಕ್ಕೆ ಹೋಲಿಸಿದ್ರೆ ಇಲ್ಲಿ ತಲುಪೋ ಜನ ಬಹಳ ಕಮ್ಮಿ. ಆದ್ರೂ ನಾನು ಇದಕ್ಕೇ ಓಟು ಹಾಕೋದು, ಯಾಕಂದ್ರೆ ಭಾಷಣ ಕೇಳೋನು ತನ್ನ ಪ್ರಶ್ನೆಯನ್ನ ಹೊಟ್ಟೆಯಲ್ಲೇ ಇಟ್ಕೊಂಡು ಮನೆಗೆ ಹೋಗ್ತಾನೆ.

ಒಂದು ಎಚ್ಚರಿಕೆ ಇದೆ. ಪುಸ್ತಕವಾಗಿ ಕೂರೋರಿಗೆ ಇದು ಸುಸ್ತಿನ ಕೆಲಸ, ಒಂದೇ ನೋವಿನ ಕತೆಯನ್ನ ದಿನಕ್ಕೆ ಆರು ಸಲ ಹೇಳೋದು ಅಂದ್ರೆ ಸುಮ್ನೆ ಅಲ್ಲ. ಅವರಿಗೆ ತರಬೇತಿ ಕೊಟ್ಟಿದಾರಾ, ಬೇಡ ಅನ್ನಿಸಿದ ಪ್ರಶ್ನೆಗೆ ಉತ್ತರ ಕೊಡದೇ ಎದ್ದು ಹೋಗೋ ಹಕ್ಕು ಇದ್ಯಾ, ನಡುವೆ ಬಿಡುವು ಇದ್ಯಾ ಅಂತ ಕೇಳಿ. ಇದಕ್ಕೆಲ್ಲ ಸರಿಯಾದ ಉತ್ತರ ಬರದಿದ್ರೆ ಬೇರೆ ಕಡೆ ನೋಡಿ.

ಪೆಟ್ಟಿಗೆಯೋ, ಪುಸ್ತಕವೋ

ಕೆಲವು ಮ್ಯೂಸಿಯಂಗಳು ಒಂದು ದೇಶದ್ದೋ ಒಂದು ಸಮುದಾಯದ್ದೋ ವಸ್ತುಗಳನ್ನ ಪೆಟ್ಟಿಗೆಗೆ ತುಂಬಿ ಶಾಲೆಗಳಿಗೆ ಎರವಲು ಕೊಡ್ತಾರೆ. ಮಕ್ಕಳು ಕೈಯಲ್ಲಿ ಹಿಡಿದು ನೋಡಬಹುದು, ಅದೇ ಇದರ ದೊಡ್ಡ ಲಾಭ, ಗಾಜಿನ ಹಿಂದೆ ಇಟ್ಟಿದ್ದನ್ನ ಯಾವ ಮಗುವೂ ಎರಡು ನಿಮಿಷಕ್ಕಿಂತ ಜಾಸ್ತಿ ನೋಡಲ್ಲ. ನಾನು ಸಹಾಯಕ್ಕೆ ಹೋಗಿದ್ದ ಒಂದು ತರಗತಿಗೆ ಜಿಂಬಾಬ್ವೆಯ ಎಂಬಿರಾ ಅನ್ನೋ ವಾದ್ಯ ಬಂದಿತ್ತು. ಮರದ ಹಲಗೆ ಮೇಲೆ ಕಬ್ಬಿಣದ ಪಟ್ಟಿಗಳನ್ನ ಸಾಲಾಗಿ ಬಿಗಿದಿರ್ತಾರೆ, ಹೆಬ್ಬೆರಳಲ್ಲಿ ಮೀಟಿದ್ರೆ ನಾದ ಬರತ್ತೆ, ಹಲಗೆಯ ಕೆಳತುದಿಯಲ್ಲಿ ಬಾಟಲಿ ಮುಚ್ಚಳಗಳನ್ನ ಸಡಿಲವಾಗಿ ಕೂರಿಸಿರ್ತಾರೆ. ಮೀಟಿದಾಗ ನಾದದ ಜೊತೆ ಒಂದು ಗುಂಯ್ ಅನ್ನೋ ಸದ್ದು. ಅದನ್ನ ತಂದವರು ಈ ಮುಚ್ಚಳ ಸಡಿಲ ಆಗಿದೆ, ಸದ್ದು ಕೆಡಿಸ್ತಿದೆ ಅಂತ ಟೇಪ್ ಹಾಕಿ ಬಿಗಿ ಮಾಡಿಬಿಟ್ಟಿದ್ರು. ಎಂಬಿರಾ ನುಡಿಸೋ ಜಿಂಬಾಬ್ವೆಯ ಶೋನಾ ಜನರಿಗೆ ಆ ಗುಂಯ್ ಬೇಕೇ ಬೇಕು, ಅದಿಲ್ಲದಿದ್ರೆ ವಾದ್ಯ ಅರ್ಧ ಮೂಕ ಆದ ಹಾಗೆ, ಮುಂಚೆ ಚಿಪ್ಪು ಕಟ್ಟುತ್ತಿದ್ದ ಜಾಗಕ್ಕೆ ಈಗ ಮುಚ್ಚಳ ಬಂದಿದೆ ಅಷ್ಟೇ. ಎಂಬಿರಾ ಮಾಡೋ ಮತ್ತೆ ನುಡಿಸೋ ಕಲೆಯನ್ನ 2020ರಲ್ಲಿ ಯುನೆಸ್ಕೋ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿಸಿದೆ. ಆ ತರಗತಿಯ ಮಕ್ಕಳು ಮಾತ್ರ ಟೇಪ್ ಹಾಕಿದ ಎಂಬಿರಾ ಕೇಳಿ ಮನೆಗೆ ಹೋದ್ರು.

ಹಾಗಾಗಿ ಪೆಟ್ಟಿಗೆ ಯೋಜನೆಗೆ ದುಡ್ಡು ಕೊಡೋ ಮುಂಚೆ ಪೆಟ್ಟಿಗೆ ಜೊತೆ ಮನುಷ್ಯರೂ ಬರ್ತಾರಾ ಅಂತ ಕೇಳಿ. ಹೊಸ ವಸ್ತು ಕೊಳ್ಳೋಕೆ ದಾನಿಗಳು ಸಿಗ್ತಾರೆ, ಆ ವಾದ್ಯ ನುಡಿಸೋರನ್ನ ಕರೆಸೋಕೆ, ಅವರ ಪ್ರಯಾಣಕ್ಕೆ ಕೊಡೋರು ಸಿಗಲ್ಲ, ನೀವು ಕೊಡಬೇಕಾದ್ದು ಅದಕ್ಕೆ.

ಇನ್ನು ದೇಶ ಸುತ್ತು ಕೋಶ ಓದು ಅಂತಾರಲ್ಲ, ಅದರಲ್ಲಿ ಕೋಶ ಓದೋ ಅರ್ಧಕ್ಕೆ ಸಹಾಯ ಮಾಡೋಕೆ ಇಷ್ಟ ಇರೋರಿಗೆ ಜೆಲ್ಲಾ ಲೆಪ್ಮನ್ ಮಾಡಿದ ಕೆಲಸ ಗೊತ್ತಿರಬೇಕು. ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ಮಕ್ಕಳಿಗೆ ಓದೋಕೆ ಹೊರಗಿನ ಲೋಕದ ಪುಸ್ತಕ ಇರಲಿಲ್ಲ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಹೋಗಿದ್ದ ಈ ಯಹೂದಿ ಪತ್ರಕರ್ತೆ ವಾಪಸ್ ಬಂದು ಬೇರೆ ಬೇರೆ ದೇಶಗಳಿಗೆ ಪತ್ರ ಬರೆದ್ರು, ನಿಮ್ಮ ಮಕ್ಕಳ ಪುಸ್ತಕ ಕಳಿಸಿ, ಕೊಡೋಕೆ ನಮ್ಮ ಹತ್ರ ದುಡ್ಡಿಲ್ಲ ಅಂತ. ಬೆಲ್ಜಿಯಂ ಮೊದಲು ಆಗಲ್ಲ ಅಂತು, ಜರ್ಮನ್ನರು ಎರಡು ಸಲ ನಮ್ಮ ಮೇಲೆ ದಂಡೆತ್ತಿ ಬಂದಿದಾರೆ ಅಂತ. ಅವರು ಬಿಡದೆ ಮತ್ತೆ ಬರೆದ್ರು, ಆಮೇಲೆ ಅಲ್ಲಿಂದಲೂ ಪುಸ್ತಕ ಬಂತು. 1946ರಲ್ಲಿ ಮ್ಯೂನಿಕ್‌ನಲ್ಲಿ ಆ ಪುಸ್ತಕಗಳ ಪ್ರದರ್ಶನ ಆಯ್ತು, 1949ರಲ್ಲಿ ಅದೇ ಅಂತಾರಾಷ್ಟ್ರೀಯ ಮಕ್ಕಳ ಗ್ರಂಥಾಲಯ ಆಯ್ತು, ಇವತ್ತಿಗೂ ನಡೀತಿದೆ.

ಲೆಪ್ಮನ್ ತಮಗೆ ಏನು ಬೇಕು ಅಂತ ತಾವೇ ಕೇಳಿದ್ರು, ನಮ್ಮ ಪುಸ್ತಕ ದಾನದಲ್ಲಿ ತಪ್ಪಿಹೋಗೋದು ಅದೇ. ಮನೇಲಿ ಜಾಗ ಖಾಲಿ ಮಾಡೋಕೆ ಅಂತ ಹಳೇ ಪುಸ್ತಕ ಗಂಟು ಕಟ್ಟಿ ಲೈಬ್ರರಿ ಬಾಗಿಲಿಗೆ ಇಟ್ಟು ಬಂದ್ರೆ ಅದನ್ನ ವಿಂಗಡಿಸೋಕೆ ಅಲ್ಲಿನವರ ವಾರಾನುಗಟ್ಟಲೆ ಸಮಯ ಹೋಗತ್ತೆ. ಪಟ್ಟಿ ಕೇಳಿ ಇಸ್ಕೊಂಡು ಅದರಲ್ಲಿರೋದನ್ನ ಮಾತ್ರ ಕೊಡಿ. ಸಾಧ್ಯ ಆದ್ರೆ ಆ ದೇಶದವರೇ ಬರೆದಿದ್ದು ಕೊಡಿ, ಅಲ್ಲಿಗೆ ಪ್ರವಾಸ ಹೋದೋರು ಬರೆದಿದ್ದು ಎರಡನೇ ಸಾಲಿಗೆ.

ಮನೆಗೇ ಕರೆಯೋದು, ಸ್ಕ್ರೀನಲ್ಲಿ ಸಿಗೋದು

ಮನೇಲಿಟ್ಕೊಳ್ಳೋದು ಎಲ್ಲಕ್ಕಿಂತ ಆಳ, ಎಲ್ಲಕ್ಕಿಂತ ಕಷ್ಟ. ಎಎಫ್‌ಎಸ್ ಅನ್ನೋ ಸಂಸ್ಥೆ ಇದ್ಯಲ್ಲ, ಅದು ಮೊದಲು ಯುದ್ಧದಲ್ಲಿ ಗಾಯಾಳುಗಳನ್ನ ಸಾಗಿಸ್ತಿದ್ದ ಆಂಬ್ಯುಲೆನ್ಸ್ ಡ್ರೈವರ್‌ಗಳ ಸ್ವಯಂಸೇವಾ ದಳ. ಎರಡು ಮಹಾಯುದ್ಧ ಕಣ್ಣಾರೆ ಕಂಡ ಮೇಲೆ 1947ರಲ್ಲಿ ವಿದ್ಯಾರ್ಥಿ ವಿನಿಮಯಕ್ಕೆ ಕೈ ಹಾಕಿದ್ರು. ಸಿಐಎಸ್‌ವಿ ಅನ್ನೋದು ಡೋರಿಸ್ ಅಲೆನ್ ಅನ್ನೋ ಮನಶ್ಶಾಸ್ತ್ರಜ್ಞೆ ಶುರು ಮಾಡಿದ್ದು, 1951ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮೊದಲ ಶಿಬಿರ, ಬೇರೆ ಬೇರೆ ದೇಶದ 11 ವರ್ಷದ ಮಕ್ಕಳು ಒಟ್ಟಿಗೆ ಇರೋದು. ಸರ್ವಾಸ್ 1949ರದ್ದು, ಡೆನ್ಮಾರ್ಕಲ್ಲಿ ಹುಟ್ಟಿದ್ದು, ಪ್ರಯಾಣಿಕರಿಗೆ ಒಂದೆರಡು ದಿನ ಮನೇಲಿ ಜಾಗ ಕೊಡೋದು, ದುಡ್ಡಿನ ಮಾತಿಲ್ಲ.

ವರ್ಷಗಟ್ಟಲೆ ವಿದ್ಯಾರ್ಥಿಯನ್ನ ಇಟ್ಕೊಳ್ಳೋಕೆ ಹೊರಡೋ ಮುಂಚೆ ಮನೇಲಿರೋ ಎಲ್ಲರನ್ನೂ, ಚಿಕ್ಕೋರನ್ನೂ ಸೇರಿಸಿ ಕೇಳಿ. ಬಂದೋರಿಗೆ ಮನೆ ನೆನಪಾಗಿ ಅಳು ಬರತ್ತೆ, ನಿಮ್ಮ ಮಕ್ಕಳಿಗೆ ಜಾಗ ಹಂಚ್ಕೊಳ್ಳೋಕೆ ಬೇಜಾರಾಗತ್ತೆ, ಎರಡೂ ಸಹಜ. ಸಂಸ್ಥೆಯವರು ನಿಮ್ಮ ಮನೆಗೆ ಬಂದು ನೋಡಿ, ಹಿನ್ನೆಲೆ ವಿಚಾರಿಸಿ, ತೊಂದರೆ ಆದ್ರೆ ರಾತ್ರಿ ಹನ್ನೆರಡಕ್ಕೂ ಫೋನ್ ಎತ್ತೋ ಒಬ್ಬರನ್ನ ಕೊಡಬೇಕು. ನಿಮ್ಮ ಬಗ್ಗೆ ಏನೂ ವಿಚಾರಿಸದೆ ಮಗುವನ್ನ ಕಳಿಸೋಕೆ ರೆಡಿ ಇರೋ ಸಂಸ್ಥೆ ಅಂದ್ರೆ ಬೇಡವೇ ಬೇಡ. ವರ್ಷ ಆಗಲ್ಲ ಅನ್ನೋರಿಗೆ ಸರ್ವಾಸ್ ತರದ ಎರಡು ದಿನದ್ದು ಸರಿಹೋಗತ್ತೆ.

ಆನ್‌ಲೈನ್ ವಿನಿಮಯ ಇದಕ್ಕೆ ಬದಲಿ ಅಂತ ನಾನು ಹೇಳಲ್ಲ, ಆದ್ರೆ ಪ್ರಯಾಣಕ್ಕೆ ದುಡ್ಡಿಲ್ಲದ, ವೀಸಾ ಸಿಗದ ಮಕ್ಕಳಿಗೆ ಅದೊಂದೇ ದಾರಿ. ಯುರೋಪಲ್ಲಿ 2005ರಿಂದ ಇಟ್ವಿನ್ನಿಂಗ್ ಅಂತ ನಡೀತಿದೆ, ಬೇರೆ ಬೇರೆ ದೇಶದ ತರಗತಿಗಳು ಜೋಡಿಯಾಗಿ ಒಂದು ಪ್ರಾಜೆಕ್ಟ್ ಮಾಡೋದು. ಇಲ್ಲಿ ನೋಡಬೇಕಾದ್ದು ಆ ಪ್ರಾಜೆಕ್ಟೇ. ಬರೀ ಹಾಯ್ ಹಲೋ ಹೇಳೋ ವಿಡಿಯೋ ಕಾಲ್ ಮೂರನೇ ವಾರಕ್ಕೆ ಸಪ್ಪೆಯಾಗಿ ನಿಂತುಹೋಗತ್ತೆ, ಒಟ್ಟಿಗೆ ಒಂದು ಪತ್ರಿಕೆ ಮಾಡ್ತಿದ್ರೆ, ಎರಡೂ ಕಡೆ ಮಳೆ ಅಳೀತಿದ್ರೆ ನಿಲ್ಲಲ್ಲ.

ದೊಡ್ಡ ಸಂಸ್ಥೆಯೋ, ಚಿಕ್ಕ ಗುಂಪೋ

ಅಲಯಾನ್ಸ್ ಫ್ರಾನ್ಸೇಸ್ 1883ರದ್ದು, ಬ್ರಿಟಿಷ್ ಕೌನ್ಸಿಲ್ 1934ರದ್ದು, ಗೋಥೆ ಇನ್‌ಸ್ಟಿಟ್ಯೂಟ್ 1951ರದ್ದು, ಜಪಾನ್ ಫೌಂಡೇಶನ್ 1972ರದ್ದು. ಫ್ರಾನ್ಸ್, ಬ್ರಿಟನ್, ಜರ್ಮನಿ, ಜಪಾನ್ ದೇಶಗಳ ಭಾಷೆ ಸಂಸ್ಕೃತಿಯನ್ನ ಹೊರಗಿನೋರಿಗೆ ಪರಿಚಯ ಮಾಡಿಸೋ ಇವಕ್ಕೆ ಆಯಾ ದೇಶದ ಸರ್ಕಾರದ ಬೆಂಬಲ ಒಂದಲ್ಲ ಒಂದು ರೀತೀಲಿ ಇದೆ. ಇವರ ಲೈಬ್ರರಿ, ಸಿನಿಮಾ, ಭಾಷಾ ತರಗತಿ ಎಲ್ಲ ಚೆನ್ನಾಗಿ ಬಳಸ್ಕೊಳ್ಳಿ, ಮೆಂಬರ್‌ಶಿಪ್ ತಗೊಳ್ಳಿ. ದಾನ ಮಾತ್ರ ಚಿಕ್ಕ ಗುಂಪಿಗೆ ಕೊಡಿ. ನಿಮ್ಮ ಕೈಲಿರೋ ಸಣ್ಣ ಮೊತ್ತ ಅಲ್ಲಿ ಸಮುದ್ರಕ್ಕೆ ಹಾಕಿದ ಹನಿ, ಇಲ್ಲಿ ಮುಂದಿನ ತಿಂಗಳ ರೂಮ್ ಬಾಡಿಗೆ. ಇನ್ನೊಂದು ಕಾರಣಾನೂ ಇದೆ, ಸರ್ಕಾರದ ದುಡ್ಡಲ್ಲಿ ನಡೆಯೋ ಸಂಸ್ಥೆ ಆ ದೇಶದ ಹೆಮ್ಮೆಯ ಮುಖವನ್ನೇ ಮುಂದಿಡೋದು ಸ್ವಾಭಾವಿಕ, ಅದೇ ದೇಶದ ಸಣ್ಣ ಭಾಷೆಗಳು, ಓಡಿಬಂದ ಜನ, ಸ್ವಂತ ದೇಶವೇ ಇಲ್ಲದ ಸಮುದಾಯಗಳು ಅಲ್ಲಿ ಕಾಣೋದು ಕಮ್ಮಿ. ಅವರಿಗೆ ಜಾಗ ಸಿಗೋದು ಚಿಕ್ಕ ಗುಂಪುಗಳಲ್ಲೇ.

ಚಿಕ್ಕ ಗುಂಪಲ್ಲಿ ಲೆಕ್ಕ ಪತ್ರ ಸರಿ ಇರಲ್ಲ ಅನ್ನೋ ದೂರು ಇದೆ, ಒಪ್ತೀನಿ. ಹಾಗಂತ ದೂರ ನಿಲ್ಲಬೇಡಿ, ನಿಮಗೆ ಲೆಕ್ಕ ಬರೋದಾದ್ರೆ ತಿಂಗಳಿಗೊಂದು ಸಂಜೆ ಕೂತು ಅದನ್ನೇ ಸರಿ ಮಾಡಿಕೊಡಿ, ಸ್ಟೇಜ್ ಮೇಲೆ ಹತ್ತೋಕೆ ಸ್ವಯಂಸೇವಕರು ಬೇಕಾದಷ್ಟು ಸಿಗ್ತಾರೆ, ರಸೀದಿ ಬರೆಯೋಕೆ ಸಿಗಲ್ಲ.

ದುಡ್ಡು ಕೊಡೋದಾ, ಸಮಯ ಕೊಡೋದಾ

ಎರಡು ಭಾಷೆ ಚೆನ್ನಾಗಿ ಗೊತ್ತಿದ್ರೆ ಸಮಯ ಕೊಡಿ, ದುಭಾಷಿ ಕೆಲಸಕ್ಕೆ ಯಾವಾಗ್ಲೂ ಜನ ಸಾಲಲ್ಲ. ವಾರವಾರ ಬರ್ತೀನಿ ಅಂತ ಮಾತು ಕೊಡೋಕಾಗದಿದ್ರೆ ದುಡ್ಡು ಕೊಡಿ, ಇವತ್ತು ಬಂದು ಮುಂದಿನ ತಿಂಗಳು ಮಾಯ ಆಗೋರಿಂದ ಕೂಟಕ್ಕೆ ಉಪಕಾರಕ್ಕಿಂತ ತೊಂದರೇನೇ ಜಾಸ್ತಿ, ನಂಬಿ ಮಾತಾಡೋಕೆ ಶುರು ಮಾಡಿದೋರು ಮತ್ತೆ ಮೊದಲಿಂದ ಶುರು ಮಾಡ್ಬೇಕಾಗತ್ತೆ. ದುಡ್ಡನ್ನ ಒಂದೇ ಸಲ ದೊಡ್ಡದಾಗಿ ಕೊಡೋದಕ್ಕಿಂತ ಅದನ್ನೇ ತಿಂಗಳು ತಿಂಗಳಿಗೆ ಹಂಚಿ ಕೊಡಿ, ಆಗ ಅವರು ಮುಂದಿನ ಆರು ತಿಂಗಳಿಗೆ ರೂಮ್ ಬುಕ್ ಮಾಡಬಹುದು. ಇಂಥದ್ದಕ್ಕೇ ಖರ್ಚು ಮಾಡಿ ಅಂತ ಕಟ್ಟು ಹಾಕೋದು ಮೇಳದ ವಿಷಯದಲ್ಲಿ ಬೇಕು, ಕೂಟಕ್ಕೆ ಬೇಡ, ಅವರಿಗೆ ಯಾವ ವಾರ ಏನು ಬೇಕಾಗತ್ತೆ ಅಂತ ಅವರಿಗೇ ಗೊತ್ತು.

ಮತ್ತೆ ಯಾವುದಕ್ಕೇ ಕೊಡೋ ಮುಂಚೆ ಎರಡು ಸಲ ಸುಮ್ನೆ ಹೋಗಿ ಕೂತು ಬನ್ನಿ, ದಾನಿ ಅಂತ ಹೇಳ್ಕೊಳ್ಳದೇ ಹೋಗಿ. ಮೊದಲ ಸಲ ಯಾರು ಜಾಸ್ತಿ ಮಾತಾಡ್ತಿದಾರೆ ಅಂತ ನೋಡಿ. ಒಂದು ತಿಂಗಳು ಬಿಟ್ಟು ಎರಡನೇ ಸಲ ಹೋದಾಗ ಹಿಂದಿನ ಸಲ ಕಂಡ ಮುಖಗಳಲ್ಲಿ ಎಷ್ಟು ಇನ್ನೂ ಅಲ್ಲಿವೆ ಅಂತ ನೋಡಿ, ಅವರಲ್ಲಿ ಯಾರಾದ್ರೂ ನಿಮ್ಮನ್ನ ಗುರುತು ಹಿಡಿದು ಹೆಸರು ಕೂಗಿ ಪಕ್ಕದ ಕುರ್ಚಿ ಎಳೆದುಕೊಟ್ರೆ ಅವತ್ತೇ ಕೊಟ್ಟುಬಿಡಿ.